ಲ್ಯಾಬ್‌ಗೆ ಬಂದು ಹೋದ ಹುಡುಗರು ಈಗ ಎಲ್ಲಿದ್ದಾರೆ?

ಪುಣೆಯ ಕನ್ನಡಿಗರ ಯಾವ ಕೂಟಕ್ಕೆ ಹೋದರೂ, ಅದು ರಾಜ್ಯೋತ್ಸವವಾಗಲಿ ಯುಗಾದಿಯ ಊಟವಾಗಲಿ, ಈಚೆಗೆ ನನಗೆ ಒಂದು ಪ್ರಶ್ನೆ ತಪ್ಪುವುದಿಲ್ಲ. ನಾನು ಬಿ.ಇ. ಓದಿದ್ದು ಬಯೋಟೆಕ್ನಾಲಜಿ ಎಂಬುದು ಹೇಗೋ ಎಲ್ಲರಿಗೂ ಗೊತ್ತಾಗಿಬಿಟ್ಟಿದೆ. ‘ಸರ್, ನಮ್ಮ ಮಗಳು ಬಿಎಸ್ಸಿ ಬಯೋಕೆಮಿಸ್ಟ್ರಿ, ಎರಡನೇ ವರ್ಷ. ರಜೆಯಲ್ಲಿ ಯಾವುದೋ ಪ್ರೊಟೀನ್ ಲ್ಯಾಬ್‌ಗೆ ಹೋಗ್ತೀನಿ ಅಂತಿದಾಳೆ. ಹೋದ್ರೆ ಮುಂದೆ ಸ್ಕೋಪ್ ಇದೆಯಾ?’ ಕೇಳುವಾಗಲೇ ಅವರಿಗೆ ಅರ್ಧ ಉತ್ತರ ಸಿಕ್ಕಿರುತ್ತದೆ. ಪ್ರೊಟೀನ್ ಲ್ಯಾಬ್‌ನಲ್ಲಿ ಆರು ತಿಂಗಳು ಇದ್ದವನು, ಆಮೇಲೆ ಬಯೋಇನ್‌ಫರ್ಮ್ಯಾಟಿಕ್ಸ್‌ನಲ್ಲಿ ಎಂ.ಟೆಕ್. ಮಾಡಿದವನು, ಕೊನೆಗೆ ಹಿಂಜೆವಾಡಿಯಲ್ಲಿ ಕೂತು ಕೋಡ್ ಬರೆಯುತ್ತಿದ್ದಾನಲ್ಲ!

ಅವರಿಗೆ ನಾನು ಹೇಳುವುದು ಇಷ್ಟೇ: ಸ್ಕೋಪ್ ಇದೆಯಾ ಅಂತ ನನ್ನನ್ನು ಕೇಳಬೇಡಿ, ಆ ಲ್ಯಾಬ್‌ನವರನ್ನೇ ಇನ್ನೊಂದು ಮಾತು ಕೇಳಿ. ‘ನಿಮ್ಮಲ್ಲಿಗೆ ಹಿಂದೆ ಬಂದಿದ್ದ ಪದವಿ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ?’ ಉತ್ತರ ಕೊಡಲು ತಡಬಡಾಯಿಸುವ ಲ್ಯಾಬ್‌ಗಳೇ ಹೆಚ್ಚು. ಪಿಎಚ್.ಡಿ. ಮುಗಿಸಿದವರ ಹೆಸರು, ಅವರು ಯಾವ ದೇಶದಲ್ಲಿ ಪೋಸ್ಟ್‌ಡಾಕ್ ಮಾಡುತ್ತಿದ್ದಾರೆ ಎಂಬುದು ಪಕ್ಕಾ ಇರುತ್ತದೆ. ಮೂರು ತಿಂಗಳು, ಆರು ತಿಂಗಳು ಬಂದು ಜೆಲ್ ಓಡಿಸಿ, ಗಾಜಿನ ಸಾಮಾನು ತೊಳೆದು, ರಾತ್ರಿ ಹನ್ನೊಂದಕ್ಕೆ ಶೇಕರ್ ಆರಿಸಿ ಹೋದ ಹುಡುಗ ಹುಡುಗಿಯರ ಲೆಕ್ಕ ಇಡುವವರು ಕಡಿಮೆ. ಈ ಲೆಕ್ಕ ಇಡದಿರುವುದು ಸಣ್ಣ ಮರೆವು ಎಂದು ನನಗೆ ಅನಿಸುವುದಿಲ್ಲ. ಅದರಿಂದ ನಷ್ಟವಾಗುವುದು ಊರಲ್ಲಿ ಯಾರೂ ವಿಜ್ಞಾನಿ ಇಲ್ಲದ, ಕೇಳಲು ಪರಿಚಯದವರಿಲ್ಲದ ಮಕ್ಕಳಿಗೆ.

ಅಲ್ಲಿ ಈ ಹುಡುಗರು ಮಾಡುವುದೇನು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಬೇಕಾದ ಪ್ರೊಟೀನಿನ ಜೀನನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾದೊಳಗೆ ಮೊದಲೇ ಸೇರಿಸಿಟ್ಟಿರುತ್ತಾರೆ. ಎಲ್‌ಬಿ ಎಂಬ ತಿಳಿಸಾರಿನಂಥ ದ್ರವ ಮಾಡಿ ಆಟೋಕ್ಲೇವ್‌ನಲ್ಲಿ ಬೇಯಿಸುವುದರಿಂದ ಹುಡುಗರ ಕೆಲಸ ಶುರು. ಆರಿದ ಮೇಲೆ ಬ್ಯಾಕ್ಟೀರಿಯಾ ಹಾಕಿ 37 ಡಿಗ್ರಿಯಲ್ಲಿ ಶೇಕರ್ ಮೇಲೆ ಕುಲುಕಲು ಬಿಡಬೇಕು. ದ್ರವ ಎಷ್ಟು ಮಬ್ಬಾಯಿತು ಎಂದು ಆಗಾಗ ಅಳೆಯುತ್ತಿರಬೇಕು. ಹದ ಬಂದಾಗ ಐಪಿಟಿಜಿ ಎಂಬ ರಾಸಾಯನಿಕ ಹಾಕಬೇಕು. ‘ಈಗ ಪ್ರೊಟೀನ್ ಮಾಡು’ ಎಂದು ಬ್ಯಾಕ್ಟೀರಿಯಾಕ್ಕೆ ಕೊಡುವ ಅಪ್ಪಣೆ ಅದು. ಕೆಲವು ಗಂಟೆಗಳ ನಂತರ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ತಳಕ್ಕೆ ಕೂತ ಕೋಶಗಳನ್ನು ಐಸ್ ಮೇಲಿಟ್ಟು ಸೋನಿಕೇಟರ್‌ನಲ್ಲಿ ಒಡೆದು, ತಿಳಿಯನ್ನು ನಿಕ್ಕಲ್ ಕಾಲಮ್ ಮೂಲಕ ಹಾಯಿಸುತ್ತಾರೆ. ಪ್ರೊಟೀನಿನ ತುದಿಗೆ ಆರು ಹಿಸ್ಟಿಡಿನ್‌ಗಳ ಬಾಲ ಅಂಟಿಸಿರುವುದರಿಂದ ಅದು ನಿಕ್ಕಲ್ಲನ್ನು ಹಿಡಿದುಕೊಳ್ಳುತ್ತದೆ, ಉಳಿದ ಕಸ ತೊಳೆದು ಹೋಗುತ್ತದೆ, ಇಮಿಡಜೋಲ್ ಹಾಕಿದರೆ ಪ್ರೊಟೀನ್ ಕೈಬಿಟ್ಟು ಇಳಿಯುತ್ತದೆ. ಕೊನೆಗೆ ಜೆಲ್ ಓಡಿಸಿ ಕೂಮಾಸಿ ನೀಲಿಯಲ್ಲಿ ಅದ್ದಿ ನೋಡಿದರೆ ಸರಿಯಾದ ಜಾಗದಲ್ಲಿ ಒಂದೇ ಒಂದು ದಪ್ಪ ಗೆರೆ ಕಾಣಬೇಕು.

ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ನನ್ನ ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಇದೇ. ನಾಲ್ಕು ತಿಂಗಳು ಆ ಗೆರೆ ಕಾಣಲಿಲ್ಲ. ಪ್ರೊಟೀನ್ ತಯಾರಾಗುತ್ತಿತ್ತು, ಆದರೆ ಸರಿಯಾಗಿ ಮಡಚಿಕೊಳ್ಳದೆ ಬ್ಯಾಕ್ಟೀರಿಯಾದೊಳಗೇ ಮುದ್ದೆಗಟ್ಟಿ ಕೂರುತ್ತಿತ್ತು. ಇದಕ್ಕೆ ಇನ್‌ಕ್ಲೂಷನ್ ಬಾಡಿ ಎನ್ನುತ್ತಾರೆ. ಲ್ಯಾಬ್‌ನಲ್ಲಿ ನಾವು ‘ಉಂಡೆ’ ಎನ್ನುತ್ತಿದ್ದೆವು. ಶಾಖ ಇಳಿಸಿ 18 ಡಿಗ್ರಿಯಲ್ಲಿ ರಾತ್ರಿಯಿಡೀ ಬೆಳೆಸಿದ್ದಾಯಿತು. ಐಪಿಟಿಜಿ ಕಡಿಮೆ ಮಾಡಿದ್ದಾಯಿತು. ಬ್ಯಾಕ್ಟೀರಿಯಾದ ತಳಿ ಬದಲಿಸಿದ್ದಾಯಿತು, ಬಫರ್‌ನ ಉಪ್ಪು ಬದಲಿಸಿದ್ದಾಯಿತು. ನನಗೆ ಕೆಲಸ ಕಲಿಸುತ್ತಿದ್ದವರು ಉಡುಪಿ ಕಡೆಯ ಒಬ್ಬ ಪಿಎಚ್.ಡಿ. ಅಕ್ಕ. ‘ಒಂದು ಸಲಕ್ಕೆ ಒಂದನ್ನೇ ಬದಲಾಯಿಸು ಮಾರಾಯ, ಎರಡು ಬದಲಾಯಿಸಿದರೆ ಯಾವುದರಿಂದ ಆಯ್ತು ಅಂತ ನಿನ್ನಜ್ಜನಿಗೂ ಗೊತ್ತಾಗುದಿಲ್ಲ’ ಎನ್ನುತ್ತಿದ್ದರು. ಐಪಿಟಿಜಿ ಹಾಕದ ಬ್ಯಾಕ್ಟೀರಿಯಾದ ಒಂದು ಲೇನ್ ಪ್ರತಿ ಜೆಲ್‌ನಲ್ಲೂ ಇರಲೇಬೇಕು. ಅದಿಲ್ಲದ ಜೆಲ್ ತೋರಿಸಿದರೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಐದನೇ ತಿಂಗಳಲ್ಲಿ ತೆಳ್ಳಗೆ ಒಂದು ಗೆರೆ ಬಂತು.

ಇದನ್ನು ಕೇಳಿ ಸಾಫ್ಟ್‌ವೇರ್‌ನ ಗೆಳೆಯರು ತಕ್ಷಣ ‘ಓ, ಡಿಬಗ್ಗಿಂಗ್!’ ಎನ್ನುತ್ತಾರೆ. ಹೌದು, ಹೋಲಿಕೆ ಇದೆ. ರಾತ್ರಿ ಎರಡಕ್ಕೆ ಪ್ರೊಡಕ್ಷನ್ ಬಿದ್ದಾಗ ಮೂರು ಜನ ಮೂರು ಕಡೆ ಕಾನ್ಫಿಗ್ ಬದಲಿಸುವುದನ್ನು ಕಂಡರೆ ಆ ಅಕ್ಕನ ಮಾತು ಈಗಲೂ ನನ್ನ ಬಾಯಿಗೆ ಬರುತ್ತದೆ. ಆದರೆ ಡಿಬಗ್ಗಿಂಗ್ ಕಲಿಯಲು ಲ್ಯಾಬ್‌ಗೆ ಹೋಗಿ ಎಂದರೆ ಅದು ಸುಳ್ಳು ಪ್ರಚಾರ. ಅದನ್ನು ಕಲಿಯಲು ಒಂದು ಲ್ಯಾಪ್‌ಟಾಪ್ ಸಾಕು. ಲ್ಯಾಬ್‌ನಲ್ಲಿ ಸಿಗುವುದು ಬೇರೆ. ನಮ್ಮ ಪದವಿ ಕಾಲೇಜಿನ ಪ್ರಾಕ್ಟಿಕಲ್‌ಗಳಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಸೀನಿಯರ್‌ನ ರೆಕಾರ್ಡ್ ಪುಸ್ತಕ ಪಕ್ಕದಲ್ಲೇ ಇರುತ್ತದೆ, ಎಕ್ಸ್‌ಟರ್ನಲ್ ಬಂದಾಗ ಬರಬೇಕಾದ ರೀಡಿಂಗ್ ಎಷ್ಟು ಎಂದು ಅಟೆಂಡರ್‌ಗೂ ಗೊತ್ತು. ಹದಿನೈದು ವರ್ಷ ಹೀಗೆ ಓದಿದ ಹುಡುಗನಿಗೆ ಮೊದಲ ಸಲ ಒಂದು ಪ್ರಶ್ನೆ ಎದುರಾಗುತ್ತದೆ, ಅದರ ಉತ್ತರ ಗೈಡ್‌ಗೂ ಗೊತ್ತಿಲ್ಲ. ಮಂಗಳವಾರದ ಮೀಟಿಂಗ್‌ನಲ್ಲಿ ಪ್ರೊಫೆಸರ್ ‘ಗೊತ್ತಿಲ್ಲ, ಮಾಡಿ ನೋಡೋಣ’ ಎಂದಾಗ ನನಗೆ ಆದ ಗಾಬರಿ ಇನ್ನೂ ನೆನಪಿದೆ. ಇಪ್ಪತ್ತನೇ ವಯಸ್ಸಿಗೆ ಆ ಗಾಬರಿ ಒಮ್ಮೆಯಾದರೂ ಆಗಬೇಕು. ಮುಂದೆ ಅವನು ವಿಜ್ಞಾನಿಯಾದರೂ ಸರಿ, ಆಗದಿದ್ದರೂ ಸರಿ.

‘ಆಗದಿದ್ದರೆ ಸೀಟು ದಂಡ ಅಲ್ಲವೇ? ಸರ್ಕಾರದ ದುಡ್ಡು, ಪ್ರೊಫೆಸರ್ ಸಮಯ?’ ಎಂಬ ವಾದ ಬರುತ್ತದೆ. ನಮ್ಮ ಮನೆಯಲ್ಲೇ ಬಂದಿತ್ತು. ಇದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ ಆಕ್ಸ್‌ಫರ್ಡಿನದು. ಅಲ್ಲಿನ ರಸಾಯನಶಾಸ್ತ್ರ ಪದವಿಗೆ ನಾಲ್ಕನೇ ವರ್ಷ ಒಂದಿದೆ. ಆ ವರ್ಷ ವಿದ್ಯಾರ್ಥಿ ಒಬ್ಬರ ಲ್ಯಾಬ್‌ನಲ್ಲಿ ಸಂಶೋಧನೆಗೆ ಕೂರಬೇಕು. 1940ರ ದಶಕದಲ್ಲಿ ಸೋಮರ್‌ವಿಲ್ ಕಾಲೇಜಿನ ಒಬ್ಬ ವಿದ್ಯಾರ್ಥಿನಿ ಡೊರೊಥಿ ಹಾಡ್‌ಕಿನ್ ಅವರ ಬಳಿ ಆ ವರ್ಷ ಕಳೆದಳು. ಎಕ್ಸ್-ರೇ ಹಾಯಿಸಿ ಹರಳಿನೊಳಗಿನ ಅಣುಗಳ ಜೋಡಣೆ ಕಂಡುಹಿಡಿಯುವುದು ಹಾಡ್‌ಕಿನ್ ಅವರ ವಿದ್ಯೆ. ಹುಡುಗಿಗೆ ಸಿಕ್ಕಿದ್ದು ಗ್ರಾಮಿಸಿಡಿನ್ ಎಸ್, ಹತ್ತು ಅಮೈನೋ ಆಮ್ಲಗಳು ಉಂಗುರದಂತೆ ಕೂಡಿಕೊಂಡಿರುವ ಒಂದು ಆ್ಯಂಟಿಬಯೋಟಿಕ್. ಅದರ ರಚನೆ ಆ ವರ್ಷ ಬಿಡಿಸಲಾಗಲಿಲ್ಲ. ಬಿಡಿಸುವಷ್ಟರಲ್ಲಿ ದಶಕಗಳೇ ಹಿಡಿದವು. ಹುಡುಗಿ 1947ರಲ್ಲಿ ಪದವಿ ಮುಗಿಸಿ ಒಂದು ಪ್ಲಾಸ್ಟಿಕ್ ಕಂಪನಿಯಲ್ಲಿ ಕೆಮಿಸ್ಟ್ ಆದಳು, ಆಮೇಲೆ ತಿಂಡಿ ತಿನಿಸಿನ ಕಂಪನಿಯಲ್ಲಿ, ಆಮೇಲೆ ವಕೀಲಿ ಓದಿದಳು, 1959ರಲ್ಲಿ ಸಂಸದೆ, 1979ರಲ್ಲಿ ಬ್ರಿಟನ್ನಿನ ಪ್ರಧಾನಿ. ಮಾರ್ಗರೆಟ್ ಥ್ಯಾಚರ್.

ಹಾಡ್‌ಕಿನ್ ಎಡಪಂಥದ ಕಡೆ ಒಲವಿದ್ದವರು; ಶಿಷ್ಯೆಯ ರಾಜಕೀಯ ಅವರಿಗೆ ಒಪ್ಪಿಗೆಯಾಗುವಂಥದ್ದಲ್ಲ. ಆದರೆ ಆ ಲ್ಯಾಬ್‌ನ ಒಂದು ವರ್ಷ ದಂಡವಾಯಿತು ಎಂದು ಯಾರೂ ಹೇಳಿದ್ದನ್ನು ನಾನು ಓದಿಲ್ಲ. ಅದೇ ಹಾಡ್‌ಕಿನ್ 1964ರಲ್ಲಿ ನೊಬೆಲ್ ಪಡೆದರು, 1969ರಲ್ಲಿ ಇನ್ಸುಲಿನ್ನಿನ ರಚನೆ ಬಿಡಿಸಿದರು. ಆ ಇನ್ಸುಲಿನ್ ತಂಡದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಪಿಎಚ್.ಡಿ. ಮುಗಿಸಿ ಹೋಗಿದ್ದ ಎಂ. ವಿಜಯನ್ ಇದ್ದರು. ಅವರು 1971ರಲ್ಲಿ ಅದೇ ಸಂಸ್ಥೆಗೆ ವಾಪಸಾಗಿ ನಮ್ಮ ದೇಶದಲ್ಲಿ ಪ್ರೊಟೀನ್ ಹರಳುಗಳ ಅಧ್ಯಯನವನ್ನೇ ಕಟ್ಟಿ ಬೆಳೆಸಿದರು. ಒಂದೇ ಲ್ಯಾಬ್‌ನ ಬಾಗಿಲಿಂದ ಒಬ್ಬರು ಬೆಂಗಳೂರಿಗೆ ಬಂದರು, ಒಬ್ಬರು ಡೌನಿಂಗ್ ಸ್ಟ್ರೀಟ್‌ಗೆ ಹೋದರು. ಇದೆಲ್ಲ ಇವತ್ತು ನಮಗೆ ಗೊತ್ತಿರುವುದು ಯಾರೋ ಬರೆದಿಟ್ಟದ್ದರಿಂದ.

ನನ್ನ ಜೊತೆ ಆ ಆರು ತಿಂಗಳು ಇದ್ದವರು ಪ್ರಧಾನಿಗಳೇನೂ ಆಗಿಲ್ಲ. ಒಬ್ಬಳು ಜರ್ಮನಿಯಲ್ಲಿ ಪಿಎಚ್.ಡಿ. ಮಾಡಿ ಅಲ್ಲೇ ನಿಂತಳು. ಇನ್ನೊಬ್ಬಳು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕಿ. ಅವಳ ವಿದ್ಯಾರ್ಥಿಗಳ ಅದೃಷ್ಟ ನನಗಿದ್ದಿದ್ದರೆ ಎಂದು ಅನಿಸುವಷ್ಟು ಚೆನ್ನಾಗಿ ಪಾಠ ಮಾಡುತ್ತಾಳೆ. ಒಬ್ಬ ಬ್ಯಾಂಕ್ ಪರೀಕ್ಷೆ ಬರೆದು ಆಫೀಸರ್ ಆದ. ಇನ್ನೊಬ್ಬ ಹೈದರಾಬಾದ್‌ನ ಲಸಿಕೆ ಕಂಪನಿಯೊಂದರಲ್ಲಿ ಪ್ರೊಟೀನ್ ಶುದ್ಧೀಕರಣದ ವಿಭಾಗದಲ್ಲಿದ್ದಾನೆ. ಅಲ್ಲಿ ಇದಕ್ಕೆ ಡೌನ್‌ಸ್ಟ್ರೀಮ್ ಎನ್ನುತ್ತಾರೆ. ನಾವು ಅರ್ಧ ಲೀಟರ್ ಫ್ಲಾಸ್ಕ್‌ನಲ್ಲಿ ಮಾಡಿದ್ದನ್ನು ಅವನು ದೊಡ್ಡ ಟ್ಯಾಂಕುಗಳ ಲೆಕ್ಕದಲ್ಲಿ ಮಾಡುತ್ತಾನೆ, ಕಾಲಮ್ ಮಾತ್ರ ಅವನಿಗಿಂತ ಎತ್ತರ.

ಹೊರರಾಜ್ಯದಲ್ಲಿರುವ ನಮ್ಮಂಥವರು ಈ ಕೊನೆಯವನ ಕೆಲಸವನ್ನು ಸ್ವಲ್ಪ ಗಮನಿಸಬೇಕು. ಕೋವಿಡ್ ಕಾಲದಲ್ಲಿ, 2021ರ ಡಿಸೆಂಬರ್‌ನಲ್ಲಿ, ನಮ್ಮ ದೇಶದಲ್ಲಿ ಅನುಮತಿ ಪಡೆದ ಎರಡು ಲಸಿಕೆಗಳು, ಹೈದರಾಬಾದಿನ ಬಯಾಲಾಜಿಕಲ್ ಇ ಕಂಪನಿಯ ಕೋರ್ಬೆವ್ಯಾಕ್ಸ್ ಮತ್ತು ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನ ಕೋವೋವ್ಯಾಕ್ಸ್, ಎರಡೂ ಪ್ರೊಟೀನ್ ಲಸಿಕೆಗಳು. ಒಂದನ್ನು ಯೀಸ್ಟ್‌ನಲ್ಲಿ ಬೆಳೆಸುತ್ತಾರೆ, ಇನ್ನೊಂದನ್ನು ಕೀಟದ ಕೋಶಗಳಲ್ಲಿ. ಬೆಳೆಸಿದ ಮೇಲೆ ಬೇಕಾದ ಪ್ರೊಟೀನನ್ನು ಉಳಿದೆಲ್ಲದರಿಂದ ಬೇರ್ಪಡಿಸಬೇಕು. ಬೆಂಗಳೂರಿನ ಬಯೋಕಾನ್‌ನ ಇನ್ಸುಲಿನ್ ಕೂಡ ಇದೇ ಜಾತಿಯ ಕೆಲಸ. ‘ಬಯೋಕೆಮಿಸ್ಟ್ರಿ ಓದಿದರೆ ಮೇಷ್ಟರಾಗಬೇಕು ಅಷ್ಟೇ’ ಎನ್ನುವ ಅಪ್ಪ ಅಮ್ಮಂದಿರು ತಮ್ಮ ಮನೆಯ ಫ್ರಿಜ್‌ನಲ್ಲಿರುವ ಇನ್ಸುಲಿನ್ ಯಾರ ಕೈಯಿಂದ ಬಂತು ಎಂದು ಯೋಚಿಸಿರುವುದಿಲ್ಲ. ಹಾಗೆಂದು ಆ ಕಂಪನಿಗಳಲ್ಲಿ ಎಲ್ಲರಿಗೂ ಜಾಗವಿದೆ ಎಂದೇನಲ್ಲ. ನಮ್ಮ ಬ್ಯಾಚಿನ ಹೆಚ್ಚಿನವರು ಸಾಫ್ಟ್‌ವೇರ್‌ಗೆ ಬಂದದ್ದು ಸಂಬಳ ನೋಡಿ, ನಾನೂ ಹಾಗೇ ಬಂದೆ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ.

ಇನ್ನೊಂದು ವಾದ ನಮ್ಮ ಆಫೀಸಿನ ಕ್ಯಾಂಟೀನಿನದು. ಆಲ್ಫಾಫೋಲ್ಡ್ ಬಂದಾಯಿತು, ಪ್ರೊಟೀನಿನ ಆಕಾರವನ್ನು ಕಂಪ್ಯೂಟರೇ ಹೇಳುತ್ತದೆ, 2024ರಲ್ಲಿ ಅದಕ್ಕೆ ನೊಬೆಲ್ ಕೂಡ ಬಂತು, ಇನ್ನು ಮಕ್ಕಳು ಕೋಲ್ಡ್ ರೂಮಿನಲ್ಲಿ ನಡುಗುತ್ತಾ ಯಾಕೆ ನಿಲ್ಲಬೇಕು ಎಂದು. ಆಲ್ಫಾಫೋಲ್ಡ್ ಸಾಧನೆ ದೊಡ್ಡದೇ. 20 ಕೋಟಿಗೂ ಹೆಚ್ಚು ಪ್ರೊಟೀನುಗಳ ಆಕಾರವನ್ನು ಅದು ಊಹಿಸಿ ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ. ಆದರೆ ಅದು ಕಲಿತದ್ದು ಎಲ್ಲಿಂದ? ಪ್ರೊಟೀನ್ ಡೇಟಾ ಬ್ಯಾಂಕ್ ಎಂಬ ಭಂಡಾರದಿಂದ. 1971ರಲ್ಲಿ ಏಳೇ ಏಳು ರಚನೆಗಳಿಂದ ಶುರುವಾದ ಅದು ಅರ್ಧ ಶತಮಾನದಲ್ಲಿ ಲಕ್ಷಗಟ್ಟಲೆ ಆಯಿತು. ಹೆಚ್ಚಿನ ರಚನೆಗಳ ಹಿಂದೆ ಯಾರೋ ಒಬ್ಬರು ಪ್ರೊಟೀನನ್ನು ಶುದ್ಧಮಾಡಿ, ಹರಳು ಕಟ್ಟುವವರೆಗೆ ಕಾದಿದ್ದಾರೆ. ಅವರಲ್ಲಿ ಪದವಿ ವಿದ್ಯಾರ್ಥಿಗಳೂ ಇದ್ದಾರೆ. ನಾವು ಸಾಫ್ಟ್‌ವೇರ್‌ನವರು ಡೇಟಾ ಸಿಕ್ಕಿದ್ದೇ ಮಾಡೆಲ್ ಮಾಡುತ್ತೇವೆ, ಡೇಟಾ ಮಾಡಿದವರು ಯಾರು ಎಂದು ಕೇಳುವ ಅಭ್ಯಾಸ ನಮಗಿಲ್ಲ. ಮತ್ತೆ, ಆಕಾರ ಗೊತ್ತಾದ ಮಾತ್ರಕ್ಕೆ ಅದು ಉಂಡೆಗಟ್ಟುತ್ತದೋ ಕರಗುತ್ತದೋ, ಔಷಧ ಅಂಟುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದಿಲ್ಲ. ಅದನ್ನು ಮಾಡಿಯೇ ನೋಡಬೇಕು.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಲ್ಯಾಬ್‌ಗೆ ಹೋಗುವ ಅವಕಾಶ ಯಾರಿಗೆ ಸಿಗುತ್ತಿದೆ?

ನನ್ನದು ಚನ್ನಗಿರಿ ಕಡೆಯ ಹಳ್ಳಿ. ಆರು ತಿಂಗಳು ಬೆಂಗಳೂರಿನಲ್ಲಿ ಪಿಜಿ ಬಾಡಿಗೆ, ಊಟ, ಬಸ್ ಪಾಸು, ಎಲ್ಲವನ್ನೂ ಅಪ್ಪ ಅಡಿಕೆ ದುಡ್ಡಿನಲ್ಲಿ ತೂಗಿಸಿದರು. ಲ್ಯಾಬ್‌ನಿಂದ ಒಂದು ರೂಪಾಯಿ ಬರಲಿಲ್ಲ, ಬರುತ್ತದೆ ಎಂದು ಯಾರೂ ಹೇಳಿಯೂ ಇರಲಿಲ್ಲ. ನನ್ನ ಕ್ಲಾಸಿನಲ್ಲೇ ನನಗಿಂತ ಚೆನ್ನಾಗಿ ಪಿಪೆಟ್ ಹಿಡಿಯುವ, ನನಗಿಂತ ಚೆನ್ನಾಗಿ ಪ್ರಶ್ನೆ ಕೇಳುವ ಒಬ್ಬನಿದ್ದ. ಅವನಿಗೂ ಆ ಲ್ಯಾಬ್‌ನಲ್ಲಿ ಒಪ್ಪಿಗೆ ಸಿಕ್ಕಿತ್ತು. ಮನೆಯಲ್ಲಿ ಆರು ತಿಂಗಳ ಖರ್ಚಿಗೆ ದಾರಿ ಇರಲಿಲ್ಲ. ಕೊನೆಗೆ ಅವನು ಮಾಡಿದ್ದು ಎಲ್ಲರಿಗೂ ಗೊತ್ತಿರುವ ಇನ್ನೊಂದು ದಾರಿ: ಒಂದು ‘ಟ್ರೇನಿಂಗ್ ಸೆಂಟರ್’ಗೆ ಫೀಸು ಕಟ್ಟಿ, ಹದಿನೈದು ದಿನ ಯಾರೋ ಮಾಡುವುದನ್ನು ಗುಂಪಿನಲ್ಲಿ ನಿಂತು ನೋಡಿ, ಹಿಂದಿನ ವರ್ಷದ ರಿಪೋರ್ಟಿಗೆ ತನ್ನ ಹೆಸರು ಹಾಕಿಸಿ ಬೈಂಡ್ ಮಾಡಿಸಿ ತಂದ. ಕಾಲೇಜು ಎರಡಕ್ಕೂ ಒಂದೇ ರೀತಿ ಮಾರ್ಕ್ಸ್ ಕೊಟ್ಟಿತು. ಈ ಅಂಗಡಿಗಳು ಈಗಲೂ ನಡೆಯುತ್ತಿವೆ. ಪ್ರಾಜೆಕ್ಟ್ ಕಡ್ಡಾಯ ಮಾಡಿ, ಮಾಡಲು ಜಾಗ ಕೊಡದಿದ್ದರೆ ಅಂಗಡಿ ಹುಟ್ಟದೆ ಇನ್ನೇನಾಗುತ್ತದೆ?

ಸ್ಟೈಪೆಂಡ್ ಕೊಡುವ ದಾರಿಗಳು ಇಲ್ಲವೆಂದಲ್ಲ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಷಿಪ್ ಇದೆ. ಇನ್‌ಸ್ಪೈರ್ ವಿದ್ಯಾರ್ಥಿವೇತನದ ವರ್ಷದ 80 ಸಾವಿರದಲ್ಲಿ 20 ಸಾವಿರ ಬೇಸಿಗೆ ಸಂಶೋಧನೆಗೆಂದೇ ಮೀಸಲು. 1999ರಲ್ಲಿ ಶುರುವಾಗಿದ್ದ ಕೆವಿಪಿವೈ 2022ರಲ್ಲಿ ನಿಂತು ಇನ್‌ಸ್ಪೈರ್‌ನೊಳಗೆ ಸೇರಿತು. ಇವೆಲ್ಲ ಹೆಚ್ಚಾಗಿ ಸಿಗುವುದು ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿರುವವರಿಗೆ. ಐಐಎಸ್‌ಇಆರ್‌ನಂಥ ಸಂಸ್ಥೆಗಳ ಮಕ್ಕಳಿಗೆ ಲ್ಯಾಬ್ ಹಾಸ್ಟೆಲ್‌ನಿಂದ ಹತ್ತು ನಿಮಿಷದ ನಡಿಗೆ. ಪಾಷಾಣ್‌ನಲ್ಲಿ ಎನ್‌ಸಿಎಲ್ ಕಾಂಪೌಂಡಿನ ಪಕ್ಕದಲ್ಲಿ ಬೆಳಗ್ಗೆ ವಾಕಿಂಗ್ ಹೋಗುವಾಗ, ರಾತ್ರಿಯೆಲ್ಲ ಲ್ಯಾಬ್‌ನಲ್ಲಿದ್ದು ಚಹಾ ಕುಡಿಯಲು ಬಂದ ಆ ಹುಡುಗರನ್ನು ಕಂಡರೆ ಖುಷಿಯೂ ಆಗುತ್ತದೆ, ಚನ್ನಗಿರಿಯ ಪದವಿ ಕಾಲೇಜೂ ನೆನಪಾಗುತ್ತದೆ.

ಇಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಇದೆ. ಮಹಾರಾಷ್ಟ್ರದಲ್ಲಿ, ದೆಹಲಿಯಲ್ಲಿ ಪದವಿಗೆ ನಾಲ್ಕನೇ ವರ್ಷದ ವ್ಯವಸ್ಥೆ ಬಂದಿದೆ; ಮೊದಲ ಮೂರು ವರ್ಷ ಶೇ 75 ತೆಗೆದವರು ಆ ವರ್ಷವನ್ನು ಸಂಶೋಧನೆಯಲ್ಲಿ ಕಳೆಯಬಹುದು. ನಮ್ಮ ರಾಜ್ಯ 2021ರಲ್ಲಿ ಎಲ್ಲರಿಗಿಂತ ಮೊದಲು ಅದನ್ನು ತಂದು, 2024ರಲ್ಲಿ ಮೂರು ವರ್ಷಕ್ಕೆ ವಾಪಸಾಯಿತು. ಇದರ ಬಗ್ಗೆ ಹೊರಗಿರುವ ನಾವು ಬೇಗ ತೀರ್ಪು ಕೊಟ್ಟುಬಿಡುತ್ತೇವೆ. ಬಡ ಮನೆಗೆ ಇನ್ನೊಂದು ವರ್ಷದ ಫೀಸು, ಇನ್ನೊಂದು ವರ್ಷ ದುಡಿಮೆಯಿಲ್ಲದೆ ಕೂರುವುದು ಸಣ್ಣ ಹೊರೆಯಲ್ಲ. ಆ ಕಾರಣಕ್ಕೆ ಹಿಂದೆ ಸರಿದದ್ದು ನನಗೆ ಒಪ್ಪಿಗೆಯೇ. ಲ್ಯಾಬ್‌ನ ಸೌಲಭ್ಯವಿಲ್ಲದ ಕಾಲೇಜಿನಲ್ಲಿ ನಾಲ್ಕನೇ ವರ್ಷ ಇಟ್ಟರೆ ಮತ್ತೆ ಅದೇ ಬೈಂಡಿಂಗ್ ಅಂಗಡಿಗೇ ಲಾಭ. ಆದರೆ ವರ್ಷ ತೆಗೆದ ಮೇಲೆ ಆ ಜಾಗಕ್ಕೆ ಬೇರೇನು ಇಟ್ಟೆವು? ಮೂರು ವರ್ಷದ ಒಳಗೇ, ಎರಡನೇ ವರ್ಷದ ರಜೆಯಲ್ಲಿ ಎಂಟು ವಾರ, ಹತ್ತಿರದ ವಿಶ್ವವಿದ್ಯಾಲಯದ ಲ್ಯಾಬ್‌ನಲ್ಲಿ, ಬಸ್ ಮತ್ತು ಊಟದ ಖರ್ಚಿನೊಂದಿಗೆ. ಇಷ್ಟಕ್ಕೆ ಬೆಂಗಳೂರೇ ಬೇಕಿಲ್ಲ. ಧಾರವಾಡ, ಮೈಸೂರು, ಕುವೆಂಪು, ಗುಲಬರ್ಗಾ ವಿಶ್ವವಿದ್ಯಾಲಯಗಳಲ್ಲಿ ಬಯೋಕೆಮಿಸ್ಟ್ರಿ ಕಲಿಸುವವರಿದ್ದಾರೆ. ಪದವಿ ಕಾಲೇಜುಗಳ ಲ್ಯಾಬ್ ಸುಧಾರಿಸಲೆಂದೇ ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ 2008ರಿಂದ ಸ್ಟಾರ್ ಕಾಲೇಜ್ ಯೋಜನೆ ನಡೆಸುತ್ತಿದೆ. ಸ್ಟೈಪೆಂಡ್ ಎಷ್ಟೇ ಸಣ್ಣದಿರಲಿ, ಇರಬೇಕು. ಬಿಟ್ಟಿ ದುಡಿಯಲು ಅನುಕೂಲವಿರುವ ಮನೆಯ ಮಕ್ಕಳಷ್ಟೇ ಸಂಶೋಧನೆಗೆ ಬಂದರೆ, ಮುಂದೆ ಪ್ರೊಫೆಸರ್‌ಗಳೂ ಅಂಥ ಮನೆಗಳಿಂದಲೇ ಬರುತ್ತಾರೆ.

ಅದರ ಜೊತೆಗೆ, ಮೊದಲು ಹೇಳಿದ ಪಟ್ಟಿ. ಇದಕ್ಕೆ ಬಜೆಟ್ ಬೇಕಿಲ್ಲ. ಯಾರು ಬಂದರು, ಯಾವ ವರ್ಷ, ಯಾವ ಕಾಲೇಜಿನಿಂದ, ಏನು ಕೆಲಸ ಮಾಡಿದರು, ಈಗ ಏನಾಗಿದ್ದಾರೆ. ಬ್ಯಾಂಕಿಗೆ ಹೋದವರು, ಕೆಎಎಸ್ ಬರೆದವರು, ಮದುವೆಯಾಗಿ ಕೆಲಸ ಬಿಟ್ಟವರು, ಎಲ್ಲರೂ ಅದರಲ್ಲಿರಬೇಕು. ಪಿಎಚ್.ಡಿ.ಗೆ ಹೋದವರನ್ನು ಮಾತ್ರ ತೋರಿಸಿದರೆ ಅದು ಜಾಹೀರಾತು. ಪೂರ್ತಿ ಪಟ್ಟಿಯಿದ್ದರೆ ಗದಗದ ಹುಡುಗಿಯೊಬ್ಬಳು ತನ್ನ ಕಾಲೇಜಿನಂಥದ್ದೇ ಕಾಲೇಜಿನಿಂದ ಬಂದವರು ಎಲ್ಲಿ ತಲುಪಿದ್ದಾರೆ ಎಂದು ನೋಡಬಹುದು, ಅವರಿಗೆ ಫೋನ್ ಮಾಡಬಹುದು. ‘ಜೆಲ್ ನೀವೇ ಲೋಡ್ ಮಾಡಿದಿರಾ, ಇಲ್ಲ ಬರೀ ನೋಡಿದಿರಾ?’ ಎಂದು ಕೇಳಬಹುದು. ಈ ಒಂದು ಪ್ರಶ್ನೆಗೆ ಅಂಗಡಿಯಾವುದು, ಲ್ಯಾಬ್ ಯಾವುದು ಎಂದು ತಿಳಿದುಹೋಗುತ್ತದೆ.

ಮಾಡಿದ ಕೆಲಸಕ್ಕೆ ಹೆಸರು ಸಿಗುವ ವಿಷಯವೂ ಇದರಲ್ಲಿ ಸೇರಿದೆ. ನಾನು ಬಿಟ್ಟು ಬಂದ ಎರಡು ವರ್ಷಕ್ಕೆ ಆ ಪ್ರೊಟೀನಿನ ಮೇಲೆ ಒಂದು ಪೇಪರ್ ಬಂತು. 18 ಡಿಗ್ರಿ, ಅದೇ ತಳಿ, ಅದೇ ಬಫರ್. ಲೇಖಕರ ಸಾಲಿನಲ್ಲಿ ಜಾಗ ನಾನು ಕೇಳುವಂತಿರಲಿಲ್ಲ. ಪೇಪರ್ ಎಂದರೆ ಒಂದು ತೆಳ್ಳಗಿನ ಗೆರೆಯಷ್ಟೇ ಅಲ್ಲ. ಆದರೆ ಕೊನೆಯಲ್ಲಿ ಕೃತಜ್ಞತೆಯ ಸಾಲೊಂದಿತ್ತು, ಅದರಲ್ಲಿ ಉಪಕರಣ ಕೊಟ್ಟ ಕಂಪನಿಯ ಹೆಸರಿತ್ತು, ನಮ್ಮಲ್ಲಿ ಯಾರ ಹೆಸರೂ ಇರಲಿಲ್ಲ. ದ್ವೇಷವೇನಿಲ್ಲ. ಆ ಪ್ರೊಫೆಸರ್ ಒಳ್ಳೆಯವರು, ನನ್ನ ಎಂ.ಟೆಕ್. ಸೀಟಿಗೆ ಪತ್ರ ಬರೆದುಕೊಟ್ಟವರು. ವಿದ್ಯಾರ್ಥಿಗಳ ಹೆಸರು ಅವರಿಗೆ ಹೊಳೆದೇ ಇರಲಿಲ್ಲ, ಅಷ್ಟೇ. ನನಗೆ ಬೇಸರ ತರಿಸುವುದು ಈ ಹೊಳೆಯದಿರುವಿಕೆಯೇ.

ಕಳೆದ ವರ್ಷ ನಾನೂ, ಹೈದರಾಬಾದಿನ ಆ ಡೌನ್‌ಸ್ಟ್ರೀಮ್ ಗೆಳೆಯನೂ ಸೇರಿ ನಾವೇ ಪಟ್ಟಿ ಮಾಡಲು ಕೂತೆವು. ಉಡುಪಿಯ ಅಕ್ಕ ಹಳೆಯ ಲ್ಯಾಬ್ ನೋಟ್‌ಬುಕ್‌ಗಳ ಮೊದಲ ಪುಟಗಳ ಫೋಟೊ ಕಳಿಸಿದರು. ಅಲ್ಲಿ ಹೆಸರು, ಕಾಲೇಜು ಇರುತ್ತದಲ್ಲ. ಅಲ್ಲಿಂದ ಒಬ್ಬೊಬ್ಬರನ್ನೇ ಹುಡುಕಿ ವಾಟ್ಸ್ಆ್ಯಪ್ ಗುಂಪು ಮಾಡಿದ್ದೇವೆ. ಪ್ರೊಫೆಸರ್‌ಗೆ ಕಳಿಸಿದಾಗ ಅವರು ಎರಡೇ ದಿನದಲ್ಲಿ ಲ್ಯಾಬ್‌ನ ಪುಟಕ್ಕೆ ಹಾಕಿಸಿದರು, ಜೊತೆಗೆ ನಾವು ಬಿಟ್ಟಿದ್ದ ಮೂರು ಹೆಸರು ಅವರೇ ಸೇರಿಸಿದ್ದರು. ಈಗ ಪ್ರಾಜೆಕ್ಟ್ ಕೇಳಿ ಬರುವ ಮಕ್ಕಳಿಗೆ ಆ ಪುಟವನ್ನೇ ತೋರಿಸುತ್ತಾರಂತೆ. ಇನ್ನೂ ಇಬ್ಬರ ಸುಳಿವು ಸಿಕ್ಕಿಲ್ಲ. ಒಬ್ಬ ರಾಯಚೂರು ಕಡೆಯವನು, ಫ್ಲಾಸ್ಕ್ ತೊಳೆಯುವಾಗ ಜೋರಾಗಿ ರಾಜ್‌ಕುಮಾರ್ ಹಾಡು ಹೇಳುತ್ತಿದ್ದನಂತೆ. ನೋಟ್‌ಬುಕ್ಕಿನಲ್ಲಿ ಅವನ ಅಕ್ಷರ ಬಹಳ ದುಂಡಗಿದೆ, ಫೋನ್ ನಂಬರ್ ಬದಲಾಗಿದೆ.